ಮತಾಂತರ ಮಾಡಿಸಿದ್ದು ಯಾರು? ಒಂದು ರೇಡಿಯೋ ಕಥೆ

ಮತಾಂತರದ ಮಾತು ಬಂದರೆ ಸಾಕು, ನಮ್ಮಲ್ಲಿ ಮೊದಲ ಪ್ರಶ್ನೆ "ಮಾಡಿಸಿದವರು ಯಾರು?" ಅಂತ. ಯಾರೋ ಬಂದಿರಬೇಕು, ಏನೋ ಆಸೆ ತೋರಿಸಿರಬೇಕು. ಕೇಳಿದವನಿಗೂ ಒಂದು ತಲೆ ಇರುತ್ತೆ ಅನ್ನೋದು ಯಾರಿಗೂ ನೆನಪಾಗಲ್ಲ. ಅದಕ್ಕೇ ಉತ್ತರ ವಿಯೆಟ್ನಾಮಿನ ಹ್ಮಾಂಗ್ ಅನ್ನೋ ಬುಡಕಟ್ಟು ಜನರ ಕಥೆ ಹೇಳಬೇಕು ಅನಿಸಿತು.

1980ರ ದಶಕದ ಕೊನೆ. ಚೀನಾ, ಲಾವೋಸ್ ಗಡಿಯ ಬೆಟ್ಟಗಳ ಮೇಲೆ ಇವರ ಹಳ್ಳಿಗಳು. ಕಮ್ಯುನಿಸ್ಟ್ ಸರ್ಕಾರ, ವಿದೇಶಿ ಮಿಷನರಿಗಳಿಗೆ ಪ್ರವೇಶವೇ ಇಲ್ಲ. ಆದರೆ ಕೆಲವರ ಮನೆಯಲ್ಲಿ ಶಾರ್ಟ್‌ವೇವ್ ರೇಡಿಯೋ ಇತ್ತು. ಮುಳ್ಳು ತಿರುಗಿಸುತ್ತಾ ಹೋದವರಿಗೆ ಗೊರಗೊರ ಸದ್ದಿನ ನಡುವೆ ತಮ್ಮದೇ ಮಾತು ಕೇಳಿಸಿತು. ಹ್ಮಾಂಗ್ ಭಾಷೆ! ಮಾತಾಡುತ್ತಿದ್ದವರು ಜಾನ್ ಲೀ, ಅಮೆರಿಕದಲ್ಲಿ ನೆಲೆಸಿದ್ದ ಹ್ಮಾಂಗ್ ಪಾದ್ರಿ. ಪ್ರಸಾರ ಆಗುತ್ತಿದ್ದದ್ದು ಎಫ್‌ಇಬಿಸಿಯಿಂದ. 1948ರಲ್ಲಿ ಮನಿಲಾದಲ್ಲಿ ಶುರುವಾದ ಕ್ರೈಸ್ತ ರೇಡಿಯೋ ಅದು.

ಲೀ ಜಾಣರು. ನೇರವಾಗಿ ಬೈಬಲ್ ಓದಿ ಮುಗಿಸಲಿಲ್ಲ. ಹ್ಮಾಂಗ್ ಅಜ್ಜಿಕಥೆಗಳು, ಗಾದೆಗಳು, ಅವರದೇ ಹಳೆಯ ನಂಬಿಕೆಗಳ ಜೊತೆ ಸೇರಿಸಿ ಹೇಳಿದರು. ದೇವರನ್ನು ಕರೆದದ್ದು ವಾಂಗ್ ಚು, ಅಂದರೆ ಪ್ರಭು ಅಂತ. ಕಳೆದುಹೋದ ತಮ್ಮ ರಾಜ ಒಂದು ದಿನ ವಾಪಸ್ ಬರುತ್ತಾನೆ ಅನ್ನೋದು ಹ್ಮಾಂಗರ ಹಳೇ ನಂಬಿಕೆ. ರೇಡಿಯೋ ಕೇಳಿದ ಎಷ್ಟೋ ಜನ ಆ ರಾಜನೇ ಬಂದ ಅಂದುಕೊಂಡರು. ಹೊಲದ ಕೆಲಸ ಬಿಟ್ಟು ಕಾದವರೂ ಇದ್ದರು. ಅಲ್ಲಿಂದ ಹೊರಟ ಮಾತು ಒಂದು, ಇಲ್ಲಿ ಕಿವಿಗೆ ಬಿದ್ದದ್ದು ಇನ್ನೊಂದು. "ಅಲ್ಲ, ಹಾಗಲ್ಲ" ಅಂತ ತಿದ್ದೋಕೆ ಪಕ್ಕದಲ್ಲಿ ಪಾದ್ರಿ ಇರಲಿಲ್ಲ ನೋಡಿ. ಆಮೇಲೆ ಈ ಧರ್ಮ ಏನು ಅಂತ ಕೇಳಿಕೊಂಡು ಅವರೇ ಬೆಟ್ಟ ಇಳಿದು ಹನೋಯಿಯ ಪ್ರಾಟೆಸ್ಟಂಟ್ ಚರ್ಚ್ ಹುಡುಕಿಕೊಂಡು ಹೋದರು. ಚರ್ಚ್ ಅವರ ಹತ್ತಿರ ಬರಲಿಲ್ಲ.

ಸರ್ಕಾರ ಇದನ್ನು ವಿದೇಶಿ ಪಿತೂರಿ ಅಂದಿತು. ರೇಡಿಯೋದವರು ಪವಾಡ ಅಂದರು. ನನಗೆ ಎರಡೂ ಅರ್ಧ ಸತ್ಯ ಅನಿಸುತ್ತೆ. ಹ್ಮಾಂಗರ ಮನೆಯಲ್ಲಿ ಒಂದು ಸಾವಾದರೆ ಏನಾಗುತ್ತಿತ್ತು ನೋಡಿ. ದಿನಗಟ್ಟಲೆ ವಿಧಿ, ಡೋಲು, ಬಿದಿರಿನ ಕೊಳವೆಗಳ ವಾದ್ಯ, ಜೊತೆಗೆ ದನ, ಹಂದಿ, ಕೋಳಿ ಬಲಿ. ಸಾಲ ತೀರಿಸೋದರಲ್ಲೇ ವರ್ಷ ಕಳೆಯುತ್ತಿತ್ತು. ಕಾಯಿಲೆ ಬಿದ್ದರೂ ಬಲಿಯೇ. 90ರ ದಶಕದಲ್ಲಿ ಸರ್ಕಾರ ಅಫೀಮು ಬೆಳೆ ನಿಲ್ಲಿಸಿದ ಮೇಲೆ ಕೈಯಲ್ಲಿ ಓಡಾಡುತ್ತಿದ್ದ ಕಾಸೂ ಹೋಯಿತು. ಬಲಿ ಬೇಡ, ಪ್ರಾರ್ಥನೆ ಸಾಕು ಅನ್ನುವ ದೇವರು ಅಂಥ ಹೊತ್ತಲ್ಲಿ ಸಿಕ್ಕಿದ. ಇದನ್ನು ಬರೀ ಲೆಕ್ಕಾಚಾರ ಅಂತ ತಳ್ಳಿಹಾಕಬೇಡಿ. ಸಾಲದ ಭಾರ ಇಳಿದಾಗ ಸಿಗುವ ನೆಮ್ಮದಿಯೂ ಭಕ್ತಿಯೊಳಗೆ ಸೇರಿಕೊಳ್ಳುತ್ತೆ.

ಇವತ್ತು ವಿಯೆಟ್ನಾಮಿನ ಸುಮಾರು 14 ಲಕ್ಷ ಹ್ಮಾಂಗರಲ್ಲಿ 3 ಲಕ್ಷದಷ್ಟು ಜನ ಕ್ರೈಸ್ತರು ಅಂತ ಅಂದಾಜು.

ನಮ್ಮ ಕಡೆಗೂ ಇಂಥ ಪ್ರಸಾರ ಬರುತ್ತಿತ್ತು. ಸೇಶೆಲ್ಸ್ ದ್ವೀಪದಿಂದ ಫೆಬಾ ರೇಡಿಯೋ, ರೇಡಿಯೋ ಸಿಲೋನ್ ಹುಡುಕುವಾಗ ಸಿಕ್ಕಿಬಿಡುತ್ತಿತ್ತು. ಸುಮ್ನೆ ಕೇಳಿ ಮುಂದೆ ಹೋದವರೇ ಜಾಸ್ತಿ. ರೇಡಿಯೋಗೇ ಅಷ್ಟು ಮಂತ್ರಶಕ್ತಿ ಇದ್ದಿದ್ದರೆ ಇಲ್ಲೂ ಹಾಗೇ ಆಗಬೇಕಿತ್ತು, ಅಲ್ವಾ?

ಆದರೆ ರೇಡಿಯೋದವರ ಮೇಲೆ ನನಗೊಂದು ಸಿಟ್ಟಿದೆ. ಮಾತಾಡಿದವರು ಅಮೆರಿಕದಲ್ಲಿ ಕ್ಷೇಮವಾಗಿದ್ದರು. ಕೇಳಿದವರ ಮನೆಗೆ ಪೊಲೀಸರು ಬಂದರು. ನಂಬಿಕೆ ಬಿಟ್ಟೆ ಅಂತ ಬರೆದುಕೊಡಿ ಅಂದರು. ಅಣ್ಣ ಕ್ರೈಸ್ತ, ತಮ್ಮ ಹಳೇ ಪದ್ಧತಿಯವ, ಅಪ್ಪನ ತಿಥಿ ಮಾಡೋರು ಯಾರು ಅಂತ ಮನೆಗಳು ಒಡೆದವು. 2005ರಲ್ಲಿ ವಿಯೆಟ್ನಾಂ ಪ್ರಧಾನಿ ಆದೇಶ ಹೊರಡಿಸಿ ಬಲವಂತವಾಗಿ ಧರ್ಮ ಬಿಡಿಸಬೇಡಿ, ಚರ್ಚ್‌ಗಳ ನೋಂದಣಿಗೆ ಅವಕಾಶ ಕೊಡಿ ಅಂದ ಮೇಲೆ ಒಂದಷ್ಟು ಉಸಿರಾಡುವ ಹಾಗಾಯಿತು. ಆದರೂ 2011ರಲ್ಲಿ ದಿಯೆನ್ ಬಿಯೆನ್ ಪ್ರಾಂತ್ಯದ ಮುವಾಂಗ್ ನ್ಹೆಯಲ್ಲಿ ಸಾವಿರಾರು ಹ್ಮಾಂಗರು ಸೇರಿದಾಗ ಚದುರಿಸೋಕೆ ಬಂದದ್ದು ಸೇನೆ.

ಸಾವಿರಾರು ಜನ ಊರು ಬಿಟ್ಟು ದಕ್ಷಿಣದ ದಾಕ್ ಲಾಕ್ ಪ್ರಾಂತ್ಯದ ಕಡೆ ಗುಳೆ ಹೋದರು. ಅಲ್ಲಿ ಎಷ್ಟೋ ಕುಟುಂಬಗಳಿಗೆ ವಾಸದ ನೋಂದಣಿ ಸಿಗಲಿಲ್ಲ. ಅದಿಲ್ಲದೆ ಗುರುತಿನ ಚೀಟಿ ಸಿಗುತ್ತಿರಲಿಲ್ಲ, ಮಗುವಿಗೆ ಜನನ ಪತ್ರವೂ ಕಷ್ಟವಾಗಿತ್ತು. ಇಷ್ಟು ಲಕ್ಷ ಜನ ನಂಬಿದರು ಅಂತ ಹೆಮ್ಮೆಯಿಂದ ಬರೆದುಕೊಳ್ಳುವ ರೇಡಿಯೋ ಸಂಸ್ಥೆಗಳು ಅದೇ ಪುಟದಲ್ಲಿ ಇದನ್ನೂ ಬರೆಯಲಿ.