ಉಲ್ಲೇಖವೇ ಉಸಿರು

ಜಗತ್ತಿನ ಶೇಕಡಾ 2ರಷ್ಟು ಅಗ್ರಗಣ್ಯ ವಿಜ್ಞಾನಿಗಳ ಪಟ್ಟಿ ಈ ವರ್ಷವೂ ಹೊರಬಿದ್ದಿದ್ದು, ಅದರಲ್ಲಿ ಸ್ಥಾನ ಪಡೆದ ತೀವ್ರ ನಿಗಾ ತಜ್ಞರೊಬ್ಬರ ಪ್ರಶಂಸೆಯನ್ನು ನಾನು ಎರಡೆರಡು ಸಲ ಓದಿದೆ. ಅವರ ಪ್ರಬಂಧಗಳೆಷ್ಟು, ಅವುಗಳಿಗೆ ಬೇರೆ ಸಂಶೋಧಕರ ಪ್ರಬಂಧಗಳಲ್ಲಿ ಸಿಕ್ಕ ಉಲ್ಲೇಖಗಳೆಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಅವರು ಕಂಡುಕೊಂಡದ್ದೇನು ಎಂಬ ಕ್ಷುಲ್ಲಕ ವಿವರವನ್ನು ಮಾತ್ರ ಬಿಡಲಾಗಿತ್ತು. ರೋಗಿ ಎಂಬ ಪದವೂ ಎಲ್ಲಿಯೂ ಕಾಣಲಿಲ್ಲ. ಪಾಪ, ರೋಗಿಗಳು ಯಾರನ್ನೂ ಉಲ್ಲೇಖಿಸುವುದಿಲ್ಲವಲ್ಲ!

ಎಚ್-ಇಂಡೆಕ್ಸ್ ಎಂಬುದು 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ತನ್ನಂಥವರನ್ನು ಅಳೆಯಲು ರೂಪಿಸಿದ ಅಳತೆಗೋಲು. ತಲಾ 50 ಸಲವಾದರೂ ಉಲ್ಲೇಖಗೊಂಡ 50 ಪ್ರಬಂಧಗಳಿದ್ದರೆ ನಿಮ್ಮ ಅಂಕ 50. ಪ್ರಬಂಧವನ್ನು ಹೊಗಳಲು ಉಲ್ಲೇಖಿಸಿದರೋ, ಜಾಲಾಡಲು ಉಲ್ಲೇಖಿಸಿದರೋ ಎಂದು ಆ ಅಂಕ ಕೇಳುವುದಿಲ್ಲ. ವರ್ಷವೊಂದರಲ್ಲಿ 72ಕ್ಕೂ ಹೆಚ್ಚು, ಅಂದರೆ ಸುಮಾರು 5 ದಿನಕ್ಕೊಂದರಂತೆ ಪ್ರಬಂಧ ಹೊರತರುವ ಸಾವಿರಾರು ಮಂದಿ ಇದ್ದಾರೆಂದು 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬೆರಗಾಗಿ ಬರೆದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಒಬ್ಬರು. ಶೇಕಡಾ 2ರ ಪಟ್ಟಿಯನ್ನು ಸಿದ್ಧಪಡಿಸುವವರೂ ಅವರೇ ಎಂಬುದು ಈ ಲೋಕದ ಸೊಗಸು. ರಾತ್ರಿಯಿಡೀ ವೆಂಟಿಲೇಟರಿನ ಪಕ್ಕದಲ್ಲಿ ನಿಲ್ಲಬೇಕಾದ ವೃತ್ತಿಯಲ್ಲಿದ್ದುಕೊಂಡು 5 ದಿನಕ್ಕೊಂದು ಪ್ರಬಂಧ ಹೆರುವುದು ನನ್ನಂಥ ಪಾಮರನ ಊಹೆಗೆ ನಿಲುಕದ ತಪಸ್ಸು. ವಿಭಾಗದ ಮುಖ್ಯಸ್ಥರ ಹೆಸರು ಪ್ರತಿ ಪ್ರಬಂಧಕ್ಕೂ ತಾನಾಗಿ ಅಂಟಿಕೊಳ್ಳುವ ಸಂಪ್ರದಾಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೇ ನಂಬೋಣ.

ಇಲ್ಲಿ ಲ್ಯಾರಿಯನ್ನು ನೆನೆಯದಿದ್ದರೆ ಅಪಚಾರವಾದೀತು. ಲ್ಯಾರಿ ಒಂದು ಬೆಕ್ಕು. ಉಲ್ಲೇಖಗಳನ್ನು ಹಣಕ್ಕೆ ಮಾರುವ ದಂಧೆ ಎಷ್ಟು ಸಲೀಸು ಎಂದು ತೋರಿಸಲು ಇಬ್ಬರು ಸಂಶೋಧಕರು 2024ರಲ್ಲಿ ಅದರ ಹೆಸರಿನಲ್ಲಿ ಅರ್ಥಹೀನ ಪ್ರಬಂಧಗಳನ್ನೂ, ಅವನ್ನು ಉಲ್ಲೇಖಿಸುವ ಮತ್ತಷ್ಟು ಅರ್ಥಹೀನ ಪ್ರಬಂಧಗಳನ್ನೂ ಅಂತರ್ಜಾಲಕ್ಕೆ ಏರಿಸಿದರು. ಪ್ರಬಂಧಗಳನ್ನೂ ಉಲ್ಲೇಖಗಳನ್ನೂ ಪಟ್ಟಿ ಮಾಡುವ ಗೂಗಲ್ ಸ್ಕಾಲರ್ ಎಲ್ಲವನ್ನೂ ಶ್ರದ್ಧೆಯಿಂದ ಎಣಿಸಿತು. 1975ರಲ್ಲಿ ಭೌತಶಾಸ್ತ್ರದ ಪ್ರಬಂಧವೊಂದಕ್ಕೆ ಸಹಲೇಖಕನಾಗಿದ್ದ ವಿಲ್ಲರ್ಡ್ ಎಂಬ ಸಯಾಮಿ ಬೆಕ್ಕಿಗಿದ್ದ, ಅತಿ ಹೆಚ್ಚು ಉಲ್ಲೇಖಗೊಂಡ ಬೆಕ್ಕೆಂಬ ದಾಖಲೆ ಹೀಗೆ ಮುರಿದುಬಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂಬುದು ಹಳೆಯ ಮಾತು. ಇಲ್ಲಿ ಬೆಕ್ಕಿನ ಪರವಾಗಿ ಎಣಿಸುವವರೇ ಕಣ್ಣು ಮುಚ್ಚಿಕೊಂಡಿದ್ದರು.

ಬೆಕ್ಕಿನಿಂದ ಯಾರೂ ಸಾಯಲಿಲ್ಲ. ಜರ್ಮನಿಯ ಅರಿವಳಿಕೆ ತಜ್ಞ ಯೋಆಖಿಮ್ ಬೋಲ್ಟ್ ಕೂಡ ಒಂದು ಕಾಲಕ್ಕೆ ಹೇರಳವಾಗಿ ಪ್ರಕಟಿಸಿದ, ಹೇರಳವಾಗಿ ಉಲ್ಲೇಖಗೊಂಡ ದೊಡ್ಡ ಹೆಸರೇ. ತೀವ್ರ ಅಸ್ವಸ್ಥರ ರಕ್ತನಾಳಕ್ಕೆ ಏರಿಸುವ ಹೈಡ್ರಾಕ್ಸಿಈಥೈಲ್ ಸ್ಟಾರ್ಚ್ ಎಂಬ ಪಿಷ್ಟದ ದ್ರಾವಣದ ಪರ ಅವರು ಬರೆದದ್ದಕ್ಕೆ ಲೆಕ್ಕವಿಲ್ಲ. 2009ರ ಒಂದು ಪ್ರಬಂಧದ ಅಂಕಿಅಂಶ ಅತಿಯಾಗಿ ಅಚ್ಚುಕಟ್ಟಾಗಿದೆಯಲ್ಲ ಎಂದು ಓದುಗರು ಸಂಶಯಪಟ್ಟ ಮೇಲೆ ವಿಚಾರಣೆ ನಡೆಯಿತು. ಮರುವರ್ಷ ಆ ಪ್ರಬಂಧ ರದ್ದಾಯಿತು. ಇಂದು ಅವರ ರದ್ದಾದ ಪ್ರಬಂಧಗಳ ಸಂಖ್ಯೆ 200 ದಾಟಿದೆ. ಅವರ 7 ಅಧ್ಯಯನಗಳನ್ನು ಹೊರಗಿಟ್ಟು, ಉಳಿದವರ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಮರುಲೆಕ್ಕ ಹಾಕಿದಾಗ ಆ ದ್ರಾವಣದಿಂದ ಸಾವಿನ ಅಪಾಯವೂ ಮೂತ್ರಪಿಂಡದ ಹಾನಿಯೂ ಹೆಚ್ಚುತ್ತವೆ ಎಂದು ಕಂಡಿತು. ಯುರೋಪಿನಲ್ಲಿ ಅದರ ಮಾರಾಟದ ಪರವಾನಗಿ ಅಮಾನತಾದದ್ದು 2022ರಲ್ಲಿ. ಅಷ್ಟು ವರ್ಷ ಅದು ಹನಿಹನಿಯಾಗಿ ಇಳಿದದ್ದು ಜೀವಂತ ಮನುಷ್ಯರ ದೇಹಕ್ಕೆ, ಪ್ರಜ್ಞೆಯಿಲ್ಲದೆ ಮಲಗಿದ್ದವರ ದೇಹಕ್ಕೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗೂ ನಗೆ ಬರುತ್ತಿಲ್ಲ. ರದ್ದಾದ ಪ್ರಬಂಧಗಳನ್ನು ಆಮೇಲೂ ಉಲ್ಲೇಖಿಸುವವರಿದ್ದಾರೆ, ಏಕೆಂದರೆ ಉಲ್ಲೇಖಿಸಲು ಓದಬೇಕಾಗಿಲ್ಲ.

ಹಾಗೆಂದು ಒಳ್ಳೆಯ ಪ್ರಬಂಧಗಳ ಪಾಡು ಮೇಲೆಂದುಕೊಳ್ಳಬೇಡಿ. ಶ್ವಾಸಕೋಶ ತೀವ್ರವಾಗಿ ಹಾನಿಗೊಂಡವರಿಗೆ ವೆಂಟಿಲೇಟರಿನಿಂದ ಪ್ರತಿ ಉಸಿರಿಗೆ ಕಿಲೋತೂಕಕ್ಕೆ 12ರ ಬದಲು 6 ಮಿಲಿಲೀಟರ್ ಗಾಳಿ ಕೊಟ್ಟರೆ ಸಾವಿನ ಪ್ರಮಾಣ ಶೇಕಡಾ 39.8ರಿಂದ 31ಕ್ಕೆ ಇಳಿಯುತ್ತದೆಂದು 2000ನೇ ಇಸವಿಯಲ್ಲಿ 861 ರೋಗಿಗಳ ಅಧ್ಯಯನ ತೋರಿಸಿಕೊಟ್ಟಿತು. ಅದನ್ನು ಉಲ್ಲೇಖಿಸದೆ ಈ ಕ್ಷೇತ್ರದಲ್ಲಿ ಪೀಠಿಕೆ ಬರೆಯುವುದೇ ಕಷ್ಟ. ಮಾಡಬೇಕಾದದ್ದೋ, ಯಂತ್ರದ ಗುಂಡಿ ತಿರುಗಿಸುವುದಷ್ಟೆ. ಆದರೆ 2016ರಲ್ಲಿ 50 ದೇಶಗಳ ತೀವ್ರ ನಿಗಾ ಘಟಕಗಳನ್ನು ನೋಡಿದಾಗ, ಇಂಥ ರೋಗಿಗಳಲ್ಲಿ ಕಿಲೋತೂಕಕ್ಕೆ 8 ಮಿಲಿಲೀಟರಿನ ಒಳಗಾದರೂ ಗಾಳಿ ಪಡೆಯುತ್ತಿದ್ದವರು ಮೂರನೇ ಎರಡು ಭಾಗಕ್ಕಿಂತ ಕಡಿಮೆ ಎಂದು ಗೊತ್ತಾಯಿತು. ಆ 2016ರ ಪ್ರಬಂಧವನ್ನೂ ಸಾವಿರಾರು ಸಲ ಉಲ್ಲೇಖಿಸಲಾಗಿದೆ.