ದುಡಿದದ್ದು ದಿರ್ಹಮ್‌ನಲ್ಲಿ, ಉಳಿಸೋದು ಯಾವುದರಲ್ಲಿ?

ದುಬೈಯಲ್ಲಿರುವ ನಮ್ಮ ಕರಾವಳಿಯವರಿಗೆ ಒಂದು ಚಾಳಿ ಇದೆ. ಸಂಬಳ ಬಿದ್ದ ಕೂಡಲೇ ರೇಟ್ ನೋಡುವುದು. ದೇರಾದ ಎಕ್ಸ್‌ಚೇಂಜ್ ಅಂಗಡಿಯ ಕ್ಯೂನಲ್ಲಿ ನಿಂತು, ಗೋಡೆಯ ಬೋರ್ಡ್ ನೋಡಿ, "ಇವತ್ತು ಬೇಡ ಮಾರಾಯ, ನಾಳೆ ಹತ್ತು ಪೈಸೆ ಏರ್ತದೆ" ಅಂತ ವಾಪಸ್ ಹೋಗುವವರಿದ್ದಾರೆ. 3000 ದಿರ್ಹಮ್‌ಗೆ ಹತ್ತು ಪೈಸೆ ಅಂದರೆ 300 ರೂಪಾಯಿ. ಹೋಗಿ ಬರೋ ಟ್ಯಾಕ್ಸಿಗೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಆದರೆ ಕಳಿಸಿದ ದುಡ್ಡೆಲ್ಲಾ ವರ್ಷಗಟ್ಟಲೆ ರೂಪಾಯಿಯಲ್ಲೇ ಕೂತಿರಬೇಕಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

2010ರಲ್ಲಿ ಒಂದು ದಿರ್ಹಮ್‌ಗೆ ಹನ್ನೆರಡೂವರೆ ರೂಪಾಯಿ ಆಸುಪಾಸು ಇತ್ತು. 2024 ಮುಗಿಯುವಾಗ 23 ದಾಟಿತ್ತು. ದಿರ್ಹಮ್ ಏನೂ ಏರಿಲ್ಲ, ಅದನ್ನು 1997ರಿಂದ ಒಂದು ಡಾಲರ್‌ಗೆ 3.6725 ಅಂತ ಕಟ್ಟಿಹಾಕಿದ್ದಾರೆ. ಅಂದರೆ ಇಲ್ಲಿ ಸಂಬಳ ತಗೊಳ್ಳುವ ನಾವು ಗೊತ್ತಿಲ್ಲದೇ ಡಾಲರ್ ಹಿಡಿದವರೇ. (ಒಂದು ಕಾಲಕ್ಕೆ ಇಲ್ಲಿ ಓಡುತ್ತಿದ್ದದ್ದೇ ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಹೊರಡಿಸಿತ್ತು. 1966ರಲ್ಲಿ ರೂಪಾಯಿ ಅಪಮೌಲ್ಯ ಆದಾಗ ಇಲ್ಲಿಯವರು ಅದನ್ನು ಕೈಬಿಟ್ಟರು.)

ಹಾಗಂತ ಎಲ್ಲವನ್ನೂ ಡಾಲರ್‌ನಲ್ಲೇ ಇಡಿ ಅನ್ನುವವನಲ್ಲ ನಾನು. ನನ್ನ ಜೊತೆ ಕೆಲಸ ಮಾಡುವ, ಲೆಬನಾನಿನ ಬೈರೂತ್‌ನವನೊಬ್ಬ ಇದ್ದಾನೆ. ಅವನ ಅಪ್ಪ ಜೀವಮಾನವಿಡೀ ಉಳಿಸಿದ್ದು ಡಾಲರ್‌ನಲ್ಲೇ, ಊರಿನ ಬ್ಯಾಂಕಲ್ಲಿ. ಲೆಬನಾನಿನ ಲಿರಾವನ್ನು ಡಾಲರ್‌ಗೆ ಸುಮಾರು 1500ರಂತೆ ವರ್ಷಗಟ್ಟಲೆ ಹಿಡಿದಿಟ್ಟಿದ್ದರು, ಆದರೂ ಜನ ನಂಬಿದ್ದು ಡಾಲರನ್ನೇ. 2019ರ ಅಕ್ಟೋಬರ್‌ನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದವು. ತೆರೆದ ಮೇಲೆ ಡಾಲರ್ ಕೈಗೆ ಕೊಡಲಿಲ್ಲ. ಜನರ ಡಾಲರನ್ನು ಬ್ಯಾಂಕುಗಳು ಅಲ್ಲಿನ ಸೆಂಟ್ರಲ್ ಬ್ಯಾಂಕಿಗೆ ಕೊಟ್ಟಿದ್ದವು, ಅಲ್ಲಿಂದ ಅದು ಸರ್ಕಾರದ ಖರ್ಚಿಗೂ ಲಿರಾದ ರೇಟ್ ಹಿಡಿದಿಡುವುದಕ್ಕೂ ಹೋಗಿತ್ತು. ಈಗ ಡಾಲರ್‌ಗೆ 89,500 ಲಿರಾ. ಆ ಮುದುಕರ ಪಾಸ್‌ಬುಕ್‌ನಲ್ಲಿ ಡಾಲರ್ ಇನ್ನೂ ಬರೆದೇ ಇದೆ, ಅದು ಬೇರೆ ವಿಷಯ. ಹಾಗಾಗಿ ಯಾವ ಕರೆನ್ಸಿ ಅನ್ನುವುದಕ್ಕಿಂತ ಮೊದಲು ಯಾರ ಕೈಯಲ್ಲಿದೆ ಅಂತ ನೋಡಬೇಕು, ಅಲ್ವಾ?

ನಮ್ಮ ಬ್ಯಾಂಕುಗಳಲ್ಲಿ ಹೊರಗಿರುವವರಿಗೆ ಎರಡು ದಾರಿ. ಎನ್‌ಆರ್‌ಇ ಅಂದರೆ ಕಳಿಸಿದ ದುಡ್ಡು ರೂಪಾಯಿಯಾಗಿ ಕೂರುವ ಖಾತೆ. ಎಫ್‌ಸಿಎನ್‌ಆರ್ ಅಂದರೆ ಡಾಲರ್, ಪೌಂಡ್, ಯೂರೋ ಹಾಗೇ ಉಳಿಯುವ ಠೇವಣಿ, ಒಂದರಿಂದ ಐದು ವರ್ಷ. ಎರಡರ ಬಡ್ಡಿಗೂ ಭಾರತದಲ್ಲಿ ತೆರಿಗೆ ಇಲ್ಲ. ಎಫ್‌ಸಿಎನ್‌ಆರ್ ಅನ್ನು ವರ್ಷದೊಳಗೆ ಮುರಿದರೆ ಬಡ್ಡಿಯೇ ಸಿಗಲ್ಲ. ನಮ್ಮವರು ನೋಡುವುದು ಎನ್‌ಆರ್‌ಇಗೆ ಬಡ್ಡಿ ಜಾಸ್ತಿ ಅನ್ನೋದನ್ನು ಮಾತ್ರ. 2010ರಿಂದ 2024ರವರೆಗೆ ರೂಪಾಯಿ ಎದುರು ಡಾಲರ್ ಏರಿದ್ದು ವರ್ಷಕ್ಕೆ ಸರಾಸರಿ 4 ಪರ್ಸೆಂಟ್‌ಗಿಂತ ಮೇಲೆ. ಆ ಕಾಲದ ಬಹುಪಾಲು ಡಾಲರ್ ಬಡ್ಡಿ ತೀರಾ ಕಡಿಮೆ ಇತ್ತು, ಎರಡರ ಬಡ್ಡಿಯ ಅಂತರ ದೊಡ್ಡದಿತ್ತು, ಆದ್ದರಿಂದ ಎನ್‌ಆರ್‌ಇಯಲ್ಲಿ ಇಟ್ಟವರು ಸೋತರು ಅಂತ ಹೇಳಲಾಗದು. ಆದರೆ ಬಡ್ಡಿಯ ಅಂತರ ಕಮ್ಮಿ ಇರುವಾಗಲೂ ಅದೇ ಲೆಕ್ಕ ಹಾಕಿದರೆ ತಪ್ಪುತ್ತದೆ.

ನನ್ನ ಲೆಕ್ಕ ಬೇರೆ. ಎಲ್ಲಿ ಖರ್ಚು ಮಾಡುತ್ತೇವೋ ಅಲ್ಲಿನ ದುಡ್ಡು. ಉಡುಪಿಯಲ್ಲಿ ಮನೆ ಕಟ್ಟುವವನಿಗೆ ಸಿಮೆಂಟು, ಮೇಸ್ತ್ರಿ ಎಲ್ಲಾ ರೂಪಾಯಿ. ಅವನಿಗೆ ಡಾಲರ್ ಯಾಕೆ ಸುಮ್ನೆ? ಎರಡು ಸಲ ಬದಲಾಯಿಸುವಾಗ ಬ್ಯಾಂಕಿನವರು ಎರಡು ಸಲ ಕತ್ತರಿಸುತ್ತಾರೆ. ಆದರೆ ಮಗಳನ್ನು ಹೊರದೇಶದಲ್ಲಿ ಓದಿಸುವ ಯೋಚನೆ ಇರುವವನು ಇವತ್ತು ರೂಪಾಯಿ ಮಾಡಿ, ನಾಲ್ಕು ವರ್ಷ ಬಿಟ್ಟು ಅದನ್ನೇ ಮತ್ತೆ ಡಾಲರ್ ಮಾಡುವುದು ಯಾವ ಬುದ್ಧಿ?

ಊರಿಗೆ ಖಾಯಂ ಹೋಗುವವರಿಗೆ ಇನ್ನೊಂದು ಮಾತು. ವಾಪಸಾದ ಮೇಲೆ ಎನ್‌ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಎಫ್‌ಸಿಎನ್‌ಆರ್ ಠೇವಣಿ ಮಾತ್ರ ಅವಧಿ ಮುಗಿಯುವವರೆಗೆ ನಡೆಯುತ್ತದೆ, ಆಮೇಲೆ ಅದನ್ನು ಆರ್‌ಎಫ್‌ಸಿ ಖಾತೆಗೆ (ವಾಪಸಾದವರು ಹೊರದೇಶದ ದುಡ್ಡು ಇಟ್ಟುಕೊಳ್ಳುವ ಖಾತೆ) ಹಾಕಿದರೆ ಊರಲ್ಲಿದ್ದೂ ಡಾಲರ್ ಡಾಲರ್ ಆಗಿಯೇ ಉಳಿಯುತ್ತದೆ. ರಜೆಗೆ ಹೋದಾಗ ನಮ್ಮೂರ ಬ್ರಾಂಚಲ್ಲಿ ಇದನ್ನು ವಿಚಾರಿಸಿದೆ. ಕೌಂಟರಿನಲ್ಲಿದ್ದವರು ಆರ್‌ಎಫ್‌ಸಿ ಅಂದ್ರೇನು ಅಂತ ನನ್ನನ್ನೇ ಕೇಳಿದರು. ಆದ್ದರಿಂದ ಟಿಕೆಟ್ ಮಾಡಿಸುವ ಮೊದಲೇ ಬ್ಯಾಂಕಿನ ಎನ್‌ಆರ್‌ಐ ವಿಭಾಗಕ್ಕೆ ಮೇಲ್ ಹಾಕಿ, ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.