ನಮ್ಮನೆಗೆ ಕೂಲರ್ ಬಂತು

ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಜೋರಾಗಿ ಆಡಬಾರದ ಮಾತು ಒಂದಿದೆ. 'ಕೂಲರ್'. ಅದರಲ್ಲೂ ಹೆಂಡತಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿರುವಾಗ ಬಾಯೇ ಬಿಡಬಾರದು. ನಾನು ಬಿಟ್ಟೆ.

ಇದೆಲ್ಲ ಶುರುವಾದದ್ದು ನನ್ನ ಹಳೇ ಕಂಪ್ಯೂಟರಿನಿಂದ. 2010ರಲ್ಲಿ ತಂದದ್ದು. ಒಳಗಿರುವ ಪ್ರೊಸೆಸರ್, ಅಂದರೆ ಅದರ ಮಿದುಳು, ಇಂಟೆಲ್ ಕೋರ್ 2 ಡ್ಯುಯೊ ಇ7500. ಗಂಜಿನ, ಅಂದರೆ ನಮ್ಮೂರ ಮಾರುಕಟ್ಟೆಯ, ನಾಲ್ಕು ಅಡತ (ದಲಾಲಿ) ಅಂಗಡಿಗಳ ಹತ್ತಿ ಲೆಕ್ಕ ಅದರಲ್ಲೇ ಬರೆಯುತ್ತೇನೆ. ಈಚೆಗೆ ಅದು ಮಧ್ಯಾಹ್ನವಾದರೆ ತೂಕಡಿಸುತ್ತಿತ್ತು. ಒಂದು ಬಿಲ್ ಒತ್ತಿ, ಚಹಾ ಕುಡಿದು ಬಂದರೂ ಇನ್ನೂ ತೆರೆದಿರುತ್ತಿರಲಿಲ್ಲ. ಈ ಬಿಸಿಲಲ್ಲಿ ತೂಕಡಿಸದವರು ಯಾರಿದ್ದಾರೆ ಅಂತ ನಾನೂ ಸುಮ್ನಿದ್ದೆ.

ಬೆಂಗಳೂರಿನಿಂದ ರಜೆಗೆ ಬಂದ ಅಣ್ಣನ ಮಗ ಸುಮ್ನಿರಲಿಲ್ಲ. "ಕಾಕಾ, ಇದನ್ನ ಓವರ್‌ಕ್ಲಾಕ್ ಮಾಡ್ರಿ. ಪುಕ್ಕಟೆ ಸ್ಪೀಡ್ ಸಿಗ್ತೈತಿ" ಅಂದ. ಅಂದವನು ಮರುದಿನ ಬೆಳಿಗ್ಗೆ ರೈಲು ಹತ್ತಿ ಹೋದ. ಇಂಥ ಸಲಹೆ ಕೊಡುವವರು ಮರುದಿನ ಊರಲ್ಲಿ ಇರುವುದೇ ಇಲ್ಲ, ನೋಡಿ.

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು. ವಿಷಯ ಇಷ್ಟೇ. ಮದರ್‌ಬೋರ್ಡ್ ಒಂದು ತಾಳ ಹಾಕುತ್ತಿರುತ್ತದೆ, 266 ಮೆಗಾಹರ್ಟ್ಜ್. ಪ್ರೊಸೆಸರ್ ಅದನ್ನು 11ರಿಂದ ಗುಣಿಸಿಕೊಂಡು 2.93 ಗಿಗಾಹರ್ಟ್ಜ್ ವೇಗದಲ್ಲಿ ಓಡುತ್ತದೆ. ಆ 11ಕ್ಕೆ ಕಂಪನಿಯವರು ಬೀಗ ಹಾಕಿಬಿಟ್ಟಿದ್ದಾರೆ, ಏರಿಸಲು ಬರುವುದಿಲ್ಲ. ತಾಳಕ್ಕೆ ಮಾತ್ರ ಬೀಗ ಇಲ್ಲ. ಅದಕ್ಕೆ ಫ್ರಂಟ್ ಸೈಡ್ ಬಸ್ ಅಂತ ಹೆಸರು. ಬಸ್ಸಿಗೆ ಎಷ್ಟು ತುಂಬಿದರೂ ಓಡುತ್ತದೆ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟಕ್ಕೆ) ಹೋಗಿ 266 ಇದ್ದದ್ದನ್ನು 333 ಮಾಡಿದೆ. 11ರಿಂದ ಗುಣಿಸಿದರೆ 3.66. ಮೀಸೆ ತಿರುವಿಕೊಂಡು ಸೇವ್ ಒತ್ತಿದೆ.

ಪರದೆ ಕಪ್ಪಾಯಿತು. ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಆಸಾಮಿ ಮಾತ್ರ ಮಾತಾಡುತ್ತಿಲ್ಲ.

ಆಮೇಲೆ ತಿಳಿದದ್ದು, ರ‍್ಯಾಮ್ ಕೂಡ, ಅಂದರೆ ಕೆಲಸದ ಹೊತ್ತಿಗೆ ಮಾಹಿತಿ ಹಿಡಿದಿಡುವ ಭಾಗವೂ, ಅದೇ ತಾಳಕ್ಕೆ ಕಟ್ಟಿದ್ದಂತೆ. ನಾನು ಎತ್ತಿಗೆ ಬಾರುಕೋಲು ಬೀಸಿದೆ, ಪಕ್ಕದ ನೊಗದಲ್ಲಿದ್ದ ಕರುವನ್ನು ನೋಡಲೇ ಇಲ್ಲ. 800ರ ರ‍್ಯಾಮು ಇದ್ದಕ್ಕಿದ್ದಂತೆ 1000ಕ್ಕೆ ಓಡಬೇಕಾಗಿ ಬಂದು ಅಲ್ಲೇ ಮಲಗಿಬಿಟ್ಟಿತ್ತು. ಇದಕ್ಕೆ ಮದ್ದು ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ. ಪ್ಲಗ್ ಕಿತ್ತು, ಅದನ್ನು ತೆಗೆದು, ಐದು ನಿಮಿಷ ಬಿಟ್ಟು ಹಾಕಿದರೆ ಮಾಡಿದ ಪಾಪವೆಲ್ಲ ಮರೆತುಹೋಗುತ್ತದೆ. ತಾರೀಖೂ ಮರೆತುಹೋಗುತ್ತದೆ. ಪರದೆ ಮೇಲೆ '1 ಜನವರಿ 2009' ಅಂತ ಬಂತು. ಆಗ ನನಗೆ ಮದುವೆಯೇ ಆಗಿರಲಿಲ್ಲ. ತಾರೀಖು ಸರಿಮಾಡಲು ಸ್ವಲ್ಪ ತಡ ಮಾಡಿದೆ ಅಂತ ಒಪ್ಪಿಕೊಳ್ಳುತ್ತೇನೆ.

ಎರಡನೇ ಸಲ ಬುದ್ಧಿವಂತನಾದೆ. ರ‍್ಯಾಮಿನ ಲೆಕ್ಕ ಕೆಳಗಿಳಿಸಿ, ಬಸ್ಸನ್ನು 300ಕ್ಕೆ ಮಾತ್ರ ಏರಿಸಿದೆ. 3.3 ಗಿಗಾಹರ್ಟ್ಜ್! ಕಂಪ್ಯೂಟರ್ ಶುರುವಾಯಿತು. ಹತ್ತು ಸೆಕೆಂಡಿನ ಕೆಲಸ ಒಂಬತ್ತು ಸೆಕೆಂಡಿಗೆ ಆಯಿತು. ಉಳಿದ ಒಂದು ಸೆಕೆಂಡಿನಲ್ಲಿ ಏನು ಮಾಡುವುದು ಅಂತ ಯೋಚಿಸುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು, ಟಪ್ ಅಂತ ಆಫ್ ಆಯಿತು.

ಕರೆಂಟ್ ಹೋಯಿತು ಅಂದುಕೊಂಡೆ. ತಲೆ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

ಇಂಟರ್ನೆಟ್ಟಿನಲ್ಲಿ ಓವರ್‌ಕ್ಲಾಕ್ ಬಗ್ಗೆ ಬರೆಯುವವರ ಕೋಣೆಯಲ್ಲಿ 22 ಡಿಗ್ರಿ ಇರುತ್ತದೆ. ನಮ್ಮ ಪಡಸಾಲೆಯಲ್ಲಿ 41. ಗಾಳಿ ಬೀಸಿ ತಣ್ಣಗೆ ಮಾಡುವ ವಸ್ತು ಆ ಗಾಳಿಗಿಂತ ತಣ್ಣಗೆ ಆಗುವುದಿಲ್ಲ, ಅಲ್ವಾ? ಅವರ ಪ್ರೊಸೆಸರ್ ಮೆಟ್ಟಿಲ ಬುಡದಿಂದ ಹತ್ತಲು ಶುರು ಮಾಡಿದರೆ ನನ್ನದು ಅಟ್ಟದ ಮೇಲಿಂದಲೇ ಶುರು. ವೇಗ ಏರಿಸಿದಷ್ಟೂ ಶಾಖ ಏರುತ್ತದೆ. ಜೊತೆಗೆ ವೋಲ್ಟೇಜನ್ನೂ ಏರಿಸಿದರೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ನೂರು ಡಿಗ್ರಿ ಹತ್ತಿರ ಬಂದಾಗ ಪ್ರೊಸೆಸರ್ ಮೊದಲು ತಾನೇ ನಿಧಾನವಾಗುತ್ತದೆ, ಅದಕ್ಕೂ ತಗ್ಗದಿದ್ದರೆ ಪ್ರಾಣ ಉಳಿಸಿಕೊಳ್ಳಲು ಮಷೀನನ್ನೇ ಬಂದ್ ಮಾಡಿಸುತ್ತದೆ. ನನಗಿಂತ ಜಾಣ.

ನಮ್ಮೂರ ಕೋಟೆಯಲ್ಲಿ 1294ರ ಒಂದು ಕಲ್ಲಿದೆ, 41 ಅಡಿಗಿಂತ ಉದ್ದ. ಅದನ್ನು ಹೇಗೆ ಎಳೆದು ತಂದರು ಅಂತ ಚಿತ್ರವನ್ನೂ ಕೆತ್ತಿದ್ದಾರೆ. ಬಂಡಿ ಮೇಲೆ ಕಲ್ಲು, ಮುಂದೆ ಸಾಲಾಗಿ ಕೋಣಗಳು. ಎರಡೇ ಕೋಣ ಕಟ್ಟಿ ಬಾರುಕೋಲು ಜಾಸ್ತಿ ಮಾಡಲಿಲ್ಲ, ಕೋಣಗಳನ್ನೇ ಜಾಸ್ತಿ ಮಾಡಿದರು. ಒಂದು ಚಿಪ್ಪಿಗೆ ಎರಡು ಕೋರ್, ಅಂದರೆ ಕೆಲಸ ಮಾಡುವ ಎರಡು ಮಿದುಳು, ಹಾಕೋಣ ಅನ್ನೋ ಬುದ್ಧಿ ಮನೆ ಕಂಪ್ಯೂಟರಿನವರಿಗೆ ಬಂದದ್ದು 2005ರಲ್ಲಿ. ಸ್ಟೇಷನ್ನಿಗೆ ಹೋಗುವಾಗೆಲ್ಲ ಕೋಟೆ ಗೋಡೆ ನೋಡುತ್ತಿದ್ದ ನನಗೆ ಬಂದದ್ದು ಈ ಮೇ ತಿಂಗಳಲ್ಲಿ.

ಸರಿ, ಬಿಚ್ಚಿ ನೋಡೋಣ ಅಂತ ಪ್ರೊಸೆಸರ್ ಮೇಲಿನ ಫ್ಯಾನಿಗೆ ಕೈ ಹಾಕಿದೆ. ಅದು ಕೂತಿರುವುದು ನಾಲ್ಕು ಪ್ಲಾಸ್ಟಿಕ್ ಕಾಲುಗಳ ಮೇಲೆ. ತಿರುವಿ ಎತ್ತಬೇಕು. ಮೂರು ಬಂದವು, ನಾಲ್ಕನೆಯದು ಚಟ್ ಅಂದಿತು. ಫ್ಯಾನ್ ಬಿಚ್ಚಿ ಪಕ್ಕಕ್ಕಿಟ್ಟರೆ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳು ಕಾಣಿಸುತ್ತಲೇ ಇಲ್ಲ. ಊರಿನ ಧೂಳು, ಗಂಜಿನಿಂದ ನನ್ನ ಅಂಗಿಯಲ್ಲಿ ಬಂದ ಹತ್ತಿ ಎಳೆ, ಎಲ್ಲ ಸೇರಿ ಅಂಗೈ ಅಗಲದ ಒಂದು ಕೌದಿ ಹೊಲಿದಿದ್ದವು. ಉಗುರಲ್ಲಿ ಎಬ್ಬಿಸಿದರೆ ಇಡಿಯಾಗಿ ಎದ್ದು ಬಂತು. ನನ್ನ ಪ್ರೊಸೆಸರ್ ಮೇ ತಿಂಗಳಲ್ಲಿ ಕೌದಿ ಹೊದ್ದು ಮಲಗಿತ್ತು! ಪ್ರೊಸೆಸರಿನ ಶಾಖವನ್ನು ಆ ಹಲ್ಲುಗಳಿಗೆ ದಾಟಿಸುವ ಪೇಸ್ಟು ಅವುಗಳಡಿ ಒಣಗಿ ವಿಭೂತಿಯಾಗಿತ್ತು.

ಆಗಲೇ ನಾನು ಆ ಮಾತು ಆಡಿದ್ದು. "ಹೊಸಾ ಕೂಲರ್ ತರಿಸಲೇಬೇಕು" ಅಂತ, ನನಗೆ ನಾನೇ, ಸ್ವಲ್ಪ ಜೋರಾಗಿ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. "ಖರೇನ ತರಸ್ತೀರೇನ್ರೀ?"

"ಹೂಂ, ಆರ್ಡರ್ ಮಾಡಿದೆ. ನಾಲ್ಕು ದಿನಕ್ಕೆ ಬರ್ತೈತಿ."

ಪ್ರೊಸೆಸರ್ ತಣ್ಣಗಿಡುವ ಫ್ಯಾನಿಗೂ ಕೂಲರ್ ಅಂತಲೇ ಹೆಸರು. ಮೂರು ವರ್ಷದಿಂದ ಆಕೆ ಕೇಳುತ್ತಿದ್ದ ಕೂಲರ್ ಬೇರೆ, ನೀರು ಹಾಕುವಂಥದ್ದು ಅಂತ ನನಗೆ ಆಗ ಹೊಳೆಯಲೇ ಇಲ್ಲ. ಊಟಕ್ಕೆ ಕೂತರೆ ರೊಟ್ಟಿ ಜೊತೆ ಕೇಳದೇ ಬೆಣ್ಣೆ ಬಂತು. ಆಗಲೂ ಹೊಳೆಯಲಿಲ್ಲ.

ಮರುದಿನ ತೀನ್ ಕಂದಿಲ್ ಕಡೆ ಒಂದು ಅಂಗಡಿಗೆ ಹೋಗಿ ಥರ್ಮಲ್ ಪೇಸ್ಟ್ ಕೇಳಿದೆ. ಗಲ್ಲೆ ಮೇಲಿದ್ದ ಹಿರಿಯರು ಕನ್ನಡಕ ಸರಿಮಾಡಿಕೊಂಡು, "ಥರ್ಮಲ್ಲಾ? ಅದು ಶಕ್ತಿನಗರದಾಗ ಐತಲ್ರೀ" ಅಂದರು. ತಪ್ಪು ಅವರದಲ್ಲ. 1985ರಿಂದ ರಾಯಚೂರಿಗೆ ಥರ್ಮಲ್ ಅಂದರೆ ಕೃಷ್ಣಾ ದಂಡೆಯ ವಿದ್ಯುತ್ ಕೇಂದ್ರ ಒಂದೇ. ಎಂಟು ಘಟಕ, 1720 ಮೆಗಾವ್ಯಾಟ್. ನನ್ನ ಪ್ರೊಸೆಸರ್ ತಿನ್ನುವುದು 65 ವ್ಯಾಟ್. "ಸಣ್ಣ ಥರ್ಮಲ್‌ರೀ, ಕಂಪ್ಯೂಟರಿಂದು" ಅಂದೆ. ಒಳಗಿನಿಂದ ಹುಡುಗ ಒಂದು ಸಿರಿಂಜ್ ತಂದುಕೊಟ್ಟ.

ನಾಲ್ಕನೇ ದಿನ ಡೆಲಿವರಿ ಹುಡುಗ ಬಂದ. ಅಷ್ಟರಲ್ಲಿ ಪಡಸಾಲೆಯ ಕಿಟಕಿ ಪಕ್ಕದ ಮೂಲೆ ಖಾಲಿಯಾಗಿತ್ತು. ನೆಲ ಒರೆಸಿ, ನೀರು ತುಂಬಲು ಬಕೆಟ್ಟೂ ಚೊಂಬೂ ಇಟ್ಟಿದ್ದರು. ಪಕ್ಕದ ಮನೆ ಅಕ್ಕನವರೂ ನೋಡಲು ಬಂದಿದ್ದರು. ಹುಡುಗ ಬ್ಯಾಗಿನಿಂದ ತೆಗೆದು ಕೈಗಿಟ್ಟದ್ದು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ.

"ಇದ್ರಾಗ ನೀರು ಎಲ್ಲಿ ಹಾಕ್ತಾರವ್ವಾ?" ಅಂತ ಅಕ್ಕನವರು ಮೆತ್ತಗೆ ಕೇಳಿದರು. ಹೆಂಡತಿ ಉತ್ತರ ಕೊಡಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟಕ್ಕೆ ನನಗೆ ಆದ ಶಾಖವನ್ನು ಅಳೆಯುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ರಾತ್ರಿ ಒಬ್ಬನೇ ಕೂತು ಹೊಸ ಫ್ಯಾನ್ ಕೂರಿಸಿದೆ, ಪೇಸ್ಟ್ ಹಚ್ಚಿದೆ, ಬಸ್ಸನ್ನು 266ಕ್ಕೇ ವಾಪಸ್ ತಂದೆ. ಮರುದಿನ ಮಧ್ಯಾಹ್ನ ಮೂರಕ್ಕೆ ಬಿಲ್ ಒತ್ತಿದೆ. ಚಹಾದ ಕಪ್ಪಿಗೆ ಕೈ ಹಾಕುವ ಮೊದಲೇ ತೆರೆಯಿತು. ಶಾಖ 60 ಡಿಗ್ರಿ ದಾಟಲಿಲ್ಲ. ಇಷ್ಟು ದಿನ ಅದು ತೂಕಡಿಸುತ್ತಿದ್ದದ್ದು ಸೆಕೆಗೆ ತಾನೇ ನಿಧಾನವಾಗಿದ್ದರಿಂದ, ಅಷ್ಟೇ. ಹಳೇ ವೇಗವೂ ಪೂರ್ತಿ ಸಿಗದ ಮಷೀನಿಗೆ ನಾನು ಹೊಸ ವೇಗ ಕೊಡಲು ಹೊರಟಿದ್ದೆ.

ಈ ಖುಷಿ ಎರಡೇ ದಿನ. ಮೂರನೇ ದಿನ ಟಂಟಂನಲ್ಲಿ ದೊಡ್ಡ ಕೂಲರ್ ಬಂದು ಇಳಿಯಿತು. ದುಡ್ಡು ಕೊಟ್ಟವನು ಯಾರು ಅಂತ ಹೇಳಬೇಕಿಲ್ಲ. ಪಡಸಾಲೆಯಲ್ಲಿ ಸಾಕೆಟ್ ಇರುವುದು ಒಂದೇ. ಮೃಗಶಿರಾ ಮಳೆ ಬರುವವರೆಗೂ ಅದು ಕೂಲರಿಗೆ ಅಂತ ತೀರ್ಮಾನವಾಯಿತು. ಆ ಸಭೆಗೆ ನನ್ನನ್ನು ಕರೆದಿರಲಿಲ್ಲ. ಹತ್ತಿ ಲೆಕ್ಕವನ್ನೆಲ್ಲ ಈಗ ಕೂಲರ್ ಮುಂದೆ ಕೂತು ಕೈಯಲ್ಲೇ ಬರೆಯುತ್ತಿದ್ದೇನೆ. ಗಾಳಿ ಜೋರು, ಹಾಳೆಗಳು ಹಾರುತ್ತವೆ. ಕಾಲು ಮುರಿದ ಹಳೇ ಫ್ಯಾನನ್ನು ಅವುಗಳ ಮೇಲೆ ಇಟ್ಟಿದ್ದೇನೆ. ಒಳ್ಳೇ ಭಾರ ಇದೆ.